ಮುಮ್ಮಡಿ ಕೃಷ್ಣರಾಜ ಒಡೆಯರು ಮತ್ತು ನಗರದ ರೈತಕೂಟ

ಮುಮ್ಮಡಿ ಕೃಷ್ಣರಾಜ ಒಡೆಯರ ವಿದ್ಯಾಭಿಮಾನ, ಔದಾರ್ಯ ಹಾಗೂ ಶ್ರೀತತ್ತ್ವನಿಧಿಯಂತಹ ಗ್ರಂಥಗಳನ್ನು ಕುರಿತು ಬಹಳಷ್ಟು ಬರೆಯಲಾಗಿದೆ. ಆದರೆ ಅವರ ಬಾಳಿನ ಅತಿ ಕಠಿಣವಾದ ಅಧ್ಯಾಯವು ನಮ್ಮ ಕೊಕ್ಕನೂರಿಗೆ ಬಹು ದೂರವಲ್ಲದ ಬಸವಾಪಟ್ಟಣದೊಡನೆ ಹೆಣೆದುಕೊಂಡಿದೆ ಎಂಬುದನ್ನು ಈ ಸೀಮೆಯವರೂ ಮರೆತಂತಿದೆ.

1794ರ ಜುಲೈ 14ರಂದು ಜನಿಸಿದ ಅವರಿಗೆ 1799ರ ಜೂನ್ 30ರಂದು, ಐದು ತುಂಬುವ ಮೊದಲೇ, ಪಟ್ಟವಾಯಿತು. ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರವನ್ನು ಒಪ್ಪಿಸಿದಾಗ ಬೊಕ್ಕಸ ತುಂಬಿತ್ತು. ಆದರೆ ಕಂಪನಿ ಸರ್ಕಾರಕ್ಕೆ ವರ್ಷಂಪ್ರತಿ 7 ಲಕ್ಷ ವರಹಗಳ ಪೊಗದಿ ತಪ್ಪುವಂತಿರಲಿಲ್ಲ. ಅರಮನೆಯ ದಾನಧರ್ಮಗಳಿಗೂ ಮಿತಿಯಿರಲಿಲ್ಲ. ದಾನಶೀಲತೆ ಅರಸನಿಗೆ ಭೂಷಣವೇ ಸರಿ. ಬೊಕ್ಕಸ ಬರಿದಾದ ಮೇಲೆ ಆ ದಾನದ ಭಾರವನ್ನು ಹೊರುವವನು ರೈತ. ಇಂತಿಷ್ಟು ಕಂದಾಯವನ್ನು ತಂದೇ ತರುವೆನೆಂದು ಅಮಲ್ದಾರನಿಂದ ಬರೆಸಿಕೊಳ್ಳುವ ಶರ್ತಿನ ಪದ್ಧತಿ ಬೆಳೆಯಿತು. ಕೊರತೆ ಬಿದ್ದರೆ ಅವನು ಕೈಯಿಂದ ತುಂಬಬೇಕು. ಅವನು ತನ್ನ ಕೈಯಿಂದ ತುಂಬುವನೇ?

ಕೆಳದಿಯ ಅರಸರು ಆಳಿದ ನಗರ ಸೀಮೆಯಲ್ಲಿ ಅಸಮಾಧಾನಕ್ಕೆ ಇನ್ನೂ ಕಾರಣಗಳಿದ್ದವು. ಅಲ್ಲಿಯ ಅಧಿಕಾರವು ಬಹುಕಾಲ ಫೌಜದಾರ ರಾಮರಾಯರ ಬಂಧುವರ್ಗದಲ್ಲಿಯೇ ಉಳಿದಿತ್ತು. ಮಹಾರಾಜರು ಅಕ್ರಮವನ್ನು ತಡೆಯುವ ಉದ್ದೇಶದಿಂದಲೇ ವೀರರಾಜೇ ಅರಸರನ್ನು ಕಳುಹಿಸಿದರು. ಆದರೆ ಅವರು ಲೆಕ್ಕವನ್ನು ಶೋಧಿಸಿ, ಹಿಂದೆ ಕೊಟ್ಟಿದ್ದ ರಿಯಾಯಿತಿಗಳನ್ನು ಕಿತ್ತುಕೊಂಡಾಗ ಪೆಟ್ಟು ಬಿದ್ದದ್ದು ರೈತನಿಗೆ. ಇದೇ ಸಮಯಕ್ಕೆ ಸಾದರ ಮಲ್ಲನೆಂಬ ಸಾಮಾನ್ಯ ರೈತನ ಮಗನು ಬೂದಿ ಬಸವಪ್ಪನೆಂಬ ಹೆಸರಿನಿಂದ, ತಾನೇ ಕೆಳದಿಯ ವಾರಸುದಾರನೆಂದು ಸಾರಿದನು. ಹೊಟ್ಟೆ ಉರಿಯುತ್ತಿದ್ದ ಜನರು ಅವನ ವಂಶಾವಳಿಯನ್ನು ಪರಿಶೀಲಿಸುವ ಗೋಜಿಗೆ ಹೋಗಲಿಲ್ಲ.

1830ರ ಆಗಸ್ಟಿನಲ್ಲಿ ಬಸವಾಪಟ್ಟಣದ ರೈತಕೂಟದ ಕರೆ ಊರೂರಿಗೆ ಹಬ್ಬಿತು. ಕೂಟವೆಂದರೆ ಆಗಿನ್ನೂ ಯುದ್ಧವಲ್ಲ; ಕಂದಾಯವನ್ನು ತಡೆಹಿಡಿದು, ತಮ್ಮ ಅಹವಾಲನ್ನು ಕೇಳುವವರಿಗಾಗಿ ಕಾಯುವ ಬಗೆ. ಆ ವೇಳೆಗೆ ಒಬ್ಬ ನಂಬಿಕಸ್ತ ವಿಚಾರಣಾಧಿಕಾರಿ ಬಂದಿದ್ದರೆ ಸಾಕಿತ್ತೆಂದು ನನಗೆ ತೋರುತ್ತದೆ. ಆದರೆ ಹೊಳೆಹೊನ್ನೂರಿನಲ್ಲಿ ನೆರೆದ ರೈತರ ಮೇಲೆ ಅಧಿಕಾರಿಗಳು ಶಸ್ತ್ರ ಪ್ರಯೋಗಿಸಿದರು, ರಕ್ತ ಹರಿಯಿತು. ಡಿಸೆಂಬರಿನಲ್ಲಿ ಮಹಾರಾಜರೇ ಚನ್ನರಾಯಪಟ್ಟಣದತ್ತ ದಂಡೆತ್ತಿ ನಡೆದರು, ಕೆಲವರು ಗಲ್ಲಿಗೇರಿದರು. ತರೀಕೆರೆಯ ಪಾಳೆಯಗಾರರೂ ದಂಗೆಯನ್ನು ಸೇರಿದರು. ಒಂದೊಂದು ಶಿಕ್ಷೆಯೂ ಹತ್ತು ಹಳ್ಳಿಗಳನ್ನು ಕೂಟಕ್ಕೆ ಸೇರಿಸುತ್ತ ಹೋಯಿತು. ಕಡೆಗೆ ಕಂಪನಿಯ ಸೈನ್ಯವೇ ಬಂದು 1831ರ ಜೂನಿನಲ್ಲಿ ನಗರವನ್ನು ಹಿಡಿಯಿತು. ನೆರವಿಗೆ ಕರೆದವರು ಮನೆಯ ಯಜಮಾನಿಕೆಯನ್ನೇ ಕೇಳಿದರು. ಬೆಂಟಿಂಕನ ಆಜ್ಞೆಯಂತೆ 1831ರ ಅಕ್ಟೋಬರ್ 19ರಂದು ಮಹಾರಾಜರು ಆಡಳಿತವನ್ನು ಬಿಟ್ಟುಕೊಟ್ಟರು.

ಅವರ ವ್ಯಕ್ತಿತ್ವ ಬೆಳಗಿದ್ದು ಇದಾದ ಮೇಲೆಯೇ. ಪ್ರತಿಭಟನೆಗೆ ಜನರನ್ನು ಎಬ್ಬಿಸಲಿಲ್ಲ. ಮತ್ತೊಂದು ದಂಗೆಗೆ ಎಡೆಗೊಡಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ತಮ್ಮ ಖರ್ಚಿನಿಂದ ಇಂಗ್ಲಿಷ್ ಶಾಲೆಯನ್ನು ತೆರೆದರು. ಪಟ್ಟವಿದ್ದೂ ಅಧಿಕಾರವಿಲ್ಲದ ಅರಸನಿಗೆ ಮೊದಲು ನೆನಪಾದ ಕಾರ್ಯಗಳಲ್ಲಿ ಶಾಲೆಯೂ ಒಂದೆಂಬುದು ಶಿಕ್ಷಕರಾದ ನಮಗೆ ಸಂತೋಷದ ಸಂಗತಿ. ಅದೇ ವರ್ಷ ತನಿಖಾ ಸಮಿತಿಯ ವರದಿ ಬಂದಿತು. 1834ರಲ್ಲಿ ಬೆಂಟಿಂಕನೇ ರಾಜ್ಯದ ಒಂದು ಭಾಗವನ್ನು ಮರಳಿಸುವಂತೆ ಸೂಚಿಸಿದರೂ ಲಂಡನ್ನಿನವರು ಒಪ್ಪಲಿಲ್ಲ. ಅರಸರು ಮನವಿಯ ಮೇಲೆ ಮನವಿ ಬರೆಯುತ್ತ ಮೂರು ದಶಕಗಳನ್ನು ಮೀರಿ ಕಾದರು. 1857ರ ಕೋಲಾಹಲದಲ್ಲೂ ಆತುರಪಡಲಿಲ್ಲ.

1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. 1867ರಲ್ಲಿ ಆಂಗ್ಲ ಸರ್ಕಾರ ಅದನ್ನು ಮನ್ನಿಸಿತು. 1868ರ ಮಾರ್ಚ್ 27ರಂದು ಅವರು ಕಾಲವಾದರು. ಆಡಳಿತವು ದತ್ತುಪುತ್ರನ ಕೈಗೆ ಮರಳಿದ್ದು 1881ರ ಮಾರ್ಚ್ 25ರಂದು. ಅಷ್ಟರಲ್ಲಿ ಬಸವಾಪಟ್ಟಣದ ಕೂಟ ಸೇರಿ ಅರ್ಧ ಶತಮಾನ ಕಳೆದಿತ್ತು.