ಎಟ್ಟೋರೆ ಬುಗಾಟ್ಟಿ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಚಕ್ರದ ಮಾತೇಕೆ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಆದರೆ ನಾನು ಬರೆಯಹೊರಟಿರುವ ಮನುಷ್ಯ ಹುಟ್ಟಿದ್ದು ಕಲಾವಿದರ ಮನೆಯಲ್ಲಿ; ಆತನಿಗೆ ಇಂಜಿನಿಯರಿಂಗ್ ಪದವಿ ಇರಲಿಲ್ಲ. ಲೆಕ್ಕಕ್ಕಿಂತ ಹೆಚ್ಚಾಗಿ ಆತನು ನಂಬಿದ್ದು ತನ್ನ ಕಣ್ಣನ್ನು. ಆ ಕಣ್ಣು ಆತನಿಗೆ ಎಷ್ಟು ದೂರ ದಾರಿ ತೋರಿಸಿತು, ಎಲ್ಲಿ ಕೈಕೊಟ್ಟಿತು ಎಂಬುದೇ ನನ್ನ ಕುತೂಹಲ. ಆದುದರಿಂದ ಆತನ ಚರಿತ್ರೆಯನ್ನು ಹುಟ್ಟಿನಿಂದ ಸಾವಿನವರೆಗೆ ಒಂದೇ ಸಮನೆ ಹೇಳದೆ, ಒಂದು ಚಕ್ರದ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಎಟ್ಟೋರೆ ಬುಗಾಟ್ಟಿ ಇಟಲಿಯ ಮಿಲಾನ್ ನಗರದಲ್ಲಿ 1881ರ ಸೆಪ್ಟೆಂಬರ್ 15ರಂದು ಹುಟ್ಟಿದನು. ತಂದೆ ಕಾರ್ಲೋ ಪೀಠೋಪಕರಣಗಳನ್ನು ರೂಪಿಸುವುದರಲ್ಲಿ ಯೂರೋಪಿನಲ್ಲೆಲ್ಲ ಹೆಸರು ಪಡೆದವನು. ಸೋದರತ್ತೆಯ ಬಾಳ ಸಂಗಾತಿ ಪ್ರಸಿದ್ಧ ಚಿತ್ರಕಾರ ಸೆಗಾಂತೀನಿ. ಎಟ್ಟೋರೆಯ ಬೆನ್ನಿಗೆ ಹುಟ್ಟಿದ ತಮ್ಮನಿಗೆ ತಂದೆತಾಯಿಗಳು ಇಟ್ಟ ಹೆಸರೇ ರೆಂಬ್ರಾಂಟ್! ಹೆಸರಿಗೆ ತಕ್ಕಂತೆ ಆ ಹುಡುಗ ಎಳವೆಯಲ್ಲಿಯೇ ಮಣ್ಣಿನಲ್ಲಿ ಪ್ರಾಣಿಗಳ ಆಕಾರಗಳನ್ನು ಮಾಡತೊಡಗಿದನು. ಮುಂದೆ ಆನೆ, ಹುಲಿ, ಜಿಂಕೆಗಳ ಕಂಚಿನ ಪ್ರತಿಮೆಗಳಿಂದ ದೊಡ್ಡ ಶಿಲ್ಪಿಯೆನಿಸಿದನು. ಎಟ್ಟೋರೆಯೂ ಮೊದಲು ಕಲೆಯ ವ್ಯಾಸಂಗಕ್ಕೇ ಕುಳಿತಿದ್ದನು. ತಮ್ಮನ ಕೈಚಳಕವನ್ನು ಕಂಡು, ಈ ದಾರಿಯಲ್ಲಿ ತಾನು ಎರಡನೆಯವನಾಗಿಯೇ ಉಳಿಯಬೇಕಾದೀತೆಂದು ಅರಿತು ಯಂತ್ರಗಳ ಕಡೆಗೆ ತಿರುಗಿದನೆಂದು ಹೇಳುತ್ತಾರೆ. ಹೀಗೆ ಕಲೆಯನ್ನು ಬಿಟ್ಟವನು ಕಲಾವಿದನ ಹಟವನ್ನು ಮಾತ್ರ ಬಿಡಲಿಲ್ಲ.

ಮೊದಲ ವರ್ಷಗಳನ್ನು ಬೇಗನೆ ಹೇಳಿಬಿಡಬಹುದು. 1898ರ ಸುಮಾರಿಗೆ ಮಿಲಾನಿನ ಒಂದು ಸೈಕಲ್ ಕಾರ್ಖಾನೆಯಲ್ಲಿ ಉಮೇದುವಾರಿ; 1901ರಲ್ಲಿ ಸ್ವಂತ ಕಲ್ಪನೆಯ ಕಾರು, ಅದಕ್ಕೆ ಮಿಲಾನಿನ ಪ್ರದರ್ಶನದಲ್ಲಿ ಬಹುಮಾನ; 1902ರಲ್ಲಿ, ಆಗ ಜರ್ಮನಿಯ ವಶದಲ್ಲಿದ್ದ ಆಲ್ಸೇಸ್ ಪ್ರಾಂತ್ಯದ ಡಿ ಡೀಟ್ರಿಚ್ ಕಂಪನಿಯಿಂದ ಕರೆ. ಆಗ ಆತನಿನ್ನೂ ಇಪ್ಪತ್ತೊಂದು ತುಂಬದ ಹುಡುಗ. ಅನಂತರ ಸ್ಟ್ರಾಸ್‌ಬರ್ಗ್, ಕಲೋನ್ ಎಂದು ಬೇರೆಯವರ ಕಾರ್ಖಾನೆಗಳಲ್ಲಿ ಕೆಲವು ವರ್ಷ ದುಡಿದು, ಮನೆಯ ನೆಲಮಾಳಿಗೆಯಲ್ಲಿ ತನ್ನದೇ ಆದ ಪುಟ್ಟ ಕಾರೊಂದನ್ನು ಕಟ್ಟಿಕೊಂಡನು. 1909ರ ಕೊನೆಗೆ ಆಲ್ಸೇಸಿನ ಮೋಲ್ಸೈಮ್ ಎಂಬ ಊರಿನಲ್ಲಿ ಪಾಳುಬಿದ್ದಿದ್ದ ಬಣ್ಣದ ಕಾರ್ಖಾನೆಯೊಂದನ್ನು ಹಿಡಿದು ಅಲ್ಲಿ ನೆಲೆಸಿದನು. ಬಟ್ಟೆಗೆ ಬಣ್ಣ ಹಾಕುತ್ತಿದ್ದ ಆ ಕಟ್ಟಡದಿಂದ ಮುಂದೆ ಜಗತ್ತು ಬೆರಗಾಗಿ ನೋಡುವ ಕಾರುಗಳು ಹೊರಬಂದುವು.

ಆ ಕಾಲದಲ್ಲಿ ವೇಗ ಬೇಕಾದರೆ ದೊಡ್ಡ ಎಂಜಿನು ಬೇಕೆಂಬುದೇ ಎಲ್ಲರ ನಂಬಿಕೆ. ಬುಗಾಟ್ಟಿ ತೂಕವನ್ನು ಇಳಿಸಿದನು. 1911ರಲ್ಲಿ ಲೆ ಮಾನ್ಸ್‌ನಲ್ಲಿ ನಡೆದ ಪಂದ್ಯದಲ್ಲಿ ಆತನ ನೆಚ್ಚಿನ ಮೆಕ್ಯಾನಿಕ್ ಫ್ರೀಡೆರಿಕ್, ಒಂದೂಕಾಲು ಲೀಟರಿಗೆ ತುಸು ಮೇಲ್ಪಟ್ಟ ಎಂಜಿನಿನ ಪುಟ್ಟ ಕಾರನ್ನು ದೈತ್ಯಾಕಾರದ ಗಾಡಿಗಳ ನಡುವೆ ನುಗ್ಗಿಸಿ ಎರಡನೆಯ ಸ್ಥಾನಕ್ಕೆ ತಂದನು. ಮಹಾಯುದ್ಧ ಬಂದು ಎಲ್ಲವನ್ನೂ ಚೆದುರಿಸಿತು. 1916ರ ಜನವರಿಯಲ್ಲಿ ತಮ್ಮ ರೆಂಬ್ರಾಂಟ್ ಪ್ಯಾರಿಸಿನಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡನು, ವಯಸ್ಸು ಮೂವತ್ತೊಂದು. ಯುದ್ಧ ಮುಗಿದ ಮೇಲೆ ಬುಗಾಟ್ಟಿ ಮೋಲ್ಸೈಮಿಗೆ ಹಿಂದಿರುಗಿದಾಗ ಆ ಊರು ಫ್ರಾನ್ಸಿಗೆ ಸೇರಿಹೋಗಿದ್ದಿತು. 1921ರಲ್ಲಿ ಇಟಲಿಯ ಬ್ರೆಷಿಯಾ ಪಂದ್ಯದಲ್ಲಿ ಮೊದಲ ನಾಲ್ಕು ಸ್ಥಾನಗಳೂ ಆತನ ಕಾರುಗಳ ಪಾಲಾದುವು.

ಈಗ ಚಕ್ರಕ್ಕೆ ಬರುತ್ತೇನೆ. ಅಂದಿನ ಪಂದ್ಯದ ಕಾರುಗಳಿಗೆ ಸಾಮಾನ್ಯವಾಗಿ ಸೈಕಲ್ಲಿನಂತೆ ತಂತಿಯ ಕಡ್ಡಿಗಳ ಚಕ್ರಗಳಿರುತ್ತಿದ್ದುವು. ಕಡ್ಡಿಗಳು ಸಡಿಲವಾಗುವುದು, ರಿಮ್ಮು ಓರೆಯಾಗುವುದು ನಿತ್ಯದ ಗೋಳು. ಬುಗಾಟ್ಟಿ 1924ಕ್ಕೆ ತಯಾರಿಸಿದ ಟೈಪ್ 35 ಎಂಬ ಕಾರಿಗೆ ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದ ಚಕ್ರವನ್ನು ಮಾಡಿದನು. ಎಂಟು ಚಪ್ಪಟೆಯಾದ ಅರಗಳು; ಅವುಗಳ ಹಿಂದೆ ಬ್ರೇಕಿನ ಡ್ರಮ್ಮೂ ಚಕ್ರದ ಜೊತೆಗೇ ಒಂದೇ ಎರಕ. ಅಲ್ಯೂಮಿನಿಯಂ ಚಕ್ರದ ಯೋಚನೆ ಮಾಡಿದವರಲ್ಲಿ ಆತನೇ ಮೊದಲಿಗನಲ್ಲ. ಆದರೆ ಅದನ್ನು ಹೀಗೆ ಇಡಿಯಾಗಿ ಕಂಡು, ಮಾರುವ ಕಾರಿಗೂ ಅಳವಡಿಸಿ, ಲೋಕದ ಕಣ್ಣಿಗೆ ಬೀಳುವಂತೆ ಮಾಡಿದವನು ಆತನೆನ್ನಬೇಕು. ಅಲ್ಯೂಮಿನಿಯಂ ಶಾಖವನ್ನು ಬೇಗ ಹೊರಗೆ ಹಾಕುವುದರಿಂದ ಬ್ರೇಕು ತಣ್ಣಗಿರುತ್ತದೆ. ಚಕ್ರ ಕಳಚಿದೊಡನೆ ಬ್ರೇಕಿನ ಒಳಭಾಗವೆಲ್ಲ ಕಣ್ಣೆದುರಿಗೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಪ್ರಿಂಗಿನ ಕೆಳಗಿರುವ ತೂಕ ಕಡಿಮೆಯಾದಷ್ಟೂ ಚಕ್ರ ನೆಲವನ್ನು ಬಿಡದೆ ಹಿಡಿದು ಓಡುತ್ತದೆ. ಇಷ್ಟೆಲ್ಲ ಲಾಭಗಳಿದ್ದರೂ, ಆ ಚಕ್ರದ ಚಿತ್ರ ನೋಡಿದ ಯಾರಿಗೂ ಮೊದಲು ತೋರುವುದು ಅದರ ಚೆಲುವೇ.

ಆದರೆ ಚಕ್ರವೆಂದರೆ ಲೋಹ ಮಾತ್ರವಲ್ಲ; ಅದರ ಸುತ್ತ ಟೈರು ಕೂತಾಗಲೇ ಅದು ಚಕ್ರವಾಗುವುದು. ಇಲ್ಲಿ ವಾಚಕರ ಕ್ಷಮೆ ಬೇಡಿ ಭೌತಶಾಸ್ತ್ರದ ನಾಲ್ಕು ಮಾತು ಹೇಳಬೇಕು. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಸರಾಗವಾಗಿ ಸುತ್ತುವ ಮುಂದಿನ ಚಕ್ರವನ್ನು ತಿರುಗಿಸಿ ಬಿಟ್ಟರೆ, ಸಾಮಾನ್ಯವಾಗಿ ಗಾಳಿ ತುಂಬುವ ವಾಲ್ವಿನ ಭಾಗ ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ತೂಕ ತುಸು ಹೆಚ್ಚು. ನಿಧಾನವಾಗಿ ಉರುಳುವಾಗ ಈ ಹೆಚ್ಚಳ ಗೊತ್ತೇ ಆಗುವುದಿಲ್ಲ. ಆದರೆ ವೇಗ ಇಮ್ಮಡಿಯಾದರೆ ಅದರ ಎಳೆತ ನಾಲ್ಮಡಿಯಾಗುತ್ತದೆ. ಕಾರಿನ ರಿಮ್ಮಿನಲ್ಲಿ, ಕೇಂದ್ರದಿಂದ 20 ಸೆಂಟಿಮೀಟರ್ ದೂರದಲ್ಲಿ 30 ಗ್ರಾಂ ಹೆಚ್ಚಿದೆಯೆನ್ನೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 5 ಕಿಲೋ ತೂಕದಷ್ಟು ಬಲದಿಂದ, ಸೆಕೆಂಡಿಗೆ ಹದಿನೈದು ಬಾರಿಯಂತೆ, ಅಚ್ಚನ್ನು ಮೇಲೆ ಕೆಳಗೆ ಜಗ್ಗುತ್ತದೆ! ಭಾರಿ ಲಾರಿಯ ಚಕ್ರದಲ್ಲಾದರೆ 200 ಗ್ರಾಮಿನ ವ್ಯತ್ಯಾಸ ಗಂಟೆಗೆ 80 ಕಿಲೋಮೀಟರಿನಲ್ಲಿ 11 ಕಿಲೋ ತೂಕದ ಎಳೆತವಾಗುತ್ತದೆ. ಚಕ್ರ ಅಗಲವಾಗಿದ್ದರೆ ಇನ್ನೊಂದು ತೊಡಕು. ಒಳಬದಿಯ ಭಾರ ಒಂದು ಕಡೆ, ಹೊರಬದಿಯ ಭಾರ ಅದರ ಎದುರು ಕಡೆ ಇದ್ದರೆ, ನಿಂತಾಗ ಚಕ್ರ ಸಮವಾಗಿಯೇ ಕಾಣುತ್ತದೆ. ಓಡುವಾಗ ಮಾತ್ರ ಕುಡಿದವನಂತೆ ಅತ್ತಿತ್ತ ತೊನೆಯುತ್ತದೆ. ಇದನ್ನು ತಿರುಗಿಸಿ ನೋಡಿಯೇ ತಿಳಿಯಬೇಕು, ಎರಡು ಬದಿಗೂ ಬೇರೆ ಬೇರೆಯಾಗಿ ತೂಕ ಕಟ್ಟಿಯೇ ಸರಿಪಡಿಸಬೇಕು.

ಇಂದು ಟೈರಂಗಡಿಯ ಹುಡುಗನು ಯಂತ್ರದ ಮೇಲೆ ಚಕ್ರ ತಿರುಗಿಸಿ, ಅದು ತೋರಿಸಿದ ಜಾಗದಲ್ಲಿ ಸಣ್ಣ ತೂಕವನ್ನು ಕೂಡಿಸುತ್ತಾನೆ. ಉಕ್ಕಿನ ಚಕ್ರಕ್ಕೆ ಅಂಚಿನಲ್ಲಿ ಸುತ್ತಿಗೆಯಿಂದ ಬಡಿದು ಸಿಕ್ಕಿಸಬಹುದು. ಅಲ್ಯೂಮಿನಿಯಂ ಚಕ್ರದ ಅಂಚು ಅದರಿಂದ ಗೀರುಬಿದ್ದು ಕೆಡುತ್ತದೆ. ಎಷ್ಟೋ ಚಕ್ರಗಳಿಗೆ ಸಿಕ್ಕಿಸಲು ತಕ್ಕ ಅಂಚೂ ಇರುವುದಿಲ್ಲ. ಆದುದರಿಂದ ಅರಗಳ ಹಿಂದೆ, ಕಾಣದ ಒಳಮೈಯನ್ನು ಚೆನ್ನಾಗಿ ಒರೆಸಿ, ಅಂಟುವ ತೂಕವನ್ನು ಹಚ್ಚುತ್ತಾರೆ. ಅಂಗಡಿಯಲ್ಲಿ ಬೇರೆಯಾಗಿ ಕೊಂಡು ಹಾಕಿಸಿದ ಅಲ್ಯೂಮಿನಿಯಂ ಚಕ್ರದ ನಡುವಿನ ತೂತು ಕೆಲವೊಮ್ಮೆ ಗಾಡಿಯ ಹಬ್ಬಿಗಿಂತ ದೊಡ್ಡದಾಗಿರುತ್ತದೆ. ನಡುವೆ ಬಳೆಯೊಂದನ್ನು ತೊಡಿಸಿ ಸರಿಯಾಗಿ ನಡುವಿಗೆ ಕೂಡಿಸದಿದ್ದರೆ, ಯಂತ್ರದ ಮೇಲೆ ಸಮತೂಕವೆನಿಸಿದ ಚಕ್ರವೇ ರಸ್ತೆಯಲ್ಲಿ ನಡುಗಬಹುದು. ಕಣ್ಣಿಗೆ ಎಷ್ಟೇ ಸುಂದರವಾದ ಚಕ್ರಕ್ಕೂ ಈ ಉಪಚಾರ ತಪ್ಪಿದ್ದಲ್ಲ.

1924ರ ಆಗಸ್ಟ್ 3ರಂದು ಲಿಯೋನಿನಲ್ಲಿ ಫ್ರೆಂಚ್ ಗ್ರ್ಯಾಂಡ್ ಪ್ರಿ. 23 ಕಿಲೋಮೀಟರಿನ ಹಾದಿಯನ್ನು 35 ಸಲ ಸುತ್ತಬೇಕು. ಒಟ್ಟು 800 ಕಿಲೋಮೀಟರಿಗೂ ಮಿಕ್ಕ ಓಟ. ಬುಗಾಟ್ಟಿ ಐದು ಹೊಸ ಕಾರುಗಳನ್ನು ತಂದನು. ಜೊತೆಗೆ ದೊಡ್ಡ ಡೇರೆ, ಮಲಗಲು ಮಂಚ, ವಿದ್ಯುದ್ದೀಪ, ಮದುವೆಯ ದಿಬ್ಬಣವೇ ಬಂದಂತೆ. ನೀಲಿ ಬಣ್ಣದ ಆ ಕಾರುಗಳು ಉಳಿದವುಗಳ ಮುಂದೆ ಒಡವೆಗಳಂತಿದ್ದುವು. ಮುಂದಿನ ಅಚ್ಚನ್ನೇ ನೋಡಿ: ಒಳಗೆ ಟೊಳ್ಳು, ಹೊರಗೆ ಕನ್ನಡಿಯ ನುಣುಪು, ಸ್ಪ್ರಿಂಗುಗಳು ಅದರ ಮೈಯನ್ನೇ ತೂರಿಕೊಂಡು ಹೋಗುತ್ತವೆ. ಇಷ್ಟು ಸಿದ್ಧತೆಯ ಮೇಲೆ ಓಟ ಆರಂಭವಾಯಿತು. ಕೆಲವು ಸುತ್ತುಗಳೊಳಗೆ ಟೈರುಗಳ ಮೇಲ್ಪದರ ಸುಲಿದು ಹಾರತೊಡಗಿತು.

ಆ ವೇಗದಲ್ಲಿ ಇದರ ಅರ್ಥವೇನೆಂದು ನಾನು ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ, ಕೇಂದ್ರದಿಂದ 35 ಸೆಂಟಿಮೀಟರ್ ದೂರದಲ್ಲಿ 200 ಗ್ರಾಂ ರಬ್ಬರು ಒಂದೇ ಕಡೆ ಕಿತ್ತುಹೋದರೆ, ಚಕ್ರವನ್ನು ಜಗ್ಗುವ ಬಲ ಸುಮಾರು 115 ಕಿಲೋ ತೂಕ. ಇಬ್ಬರು ಆಳುಗಳು ಸೆಕೆಂಡಿಗೆ ಇಪ್ಪತ್ತು ಸಲ ಅಚ್ಚಿಗೆ ಜೋತುಬಿದ್ದು ಬಿಟ್ಟಂತೆ. ಚಾಲಕರು ಮತ್ತೆ ಮತ್ತೆ ನಿಲ್ಲಿಸಿ ಟೈರು ಬದಲಾಯಿಸಬೇಕಾಯಿತು. ಗೆದ್ದವನು ಆಲ್ಫಾ ರೋಮಿಯೋ ಕಾರಿನ ಕಂಪಾರಿ. ಬುಗಾಟ್ಟಿಯ ಕಾರುಗಳಲ್ಲಿ ಮುಂದೆ ಬಂದದ್ದೆಂದರೆ ಏಳನೆಯ ಮತ್ತು ಎಂಟನೆಯ ಸ್ಥಾನ.

ಬುಗಾಟ್ಟಿ ಕೊಟ್ಟ ವಿವರಣೆಯೆಂದರೆ, ಪಂದ್ಯಕ್ಕಾಗಿಯೇ ಮಾಡಿಸಿದ ಟೈರುಗಳ ರಬ್ಬರು ಸರಿಯಾಗಿ ಬೆಂದಿರಲಿಲ್ಲ. ರಬ್ಬರಿಗೆ ಗಂಧಕ ಬೆರೆಸಿ ಹದವಾಗಿ ಕಾಯಿಸಿದರೇ ಅದು ಗಟ್ಟಿಯಾಗಿ ಒಳಗಿನ ನೂಲಿನ ಪದರಕ್ಕೆ ಹಿಡಿದುಕೊಳ್ಳುವುದು. ಹದ ತಪ್ಪಿದರೆ ಓಟದ ಕಾವಿನಲ್ಲಿ ಪದರ ಬಿಡುತ್ತದೆ. ವಿವರಣೆ ಯುಕ್ತವಾಗಿಯೇ ಇದೆ. ಆದರೂ ಹೊಸ ಚಕ್ರವೊಂದು ಮೊದಲ ದೊಡ್ಡ ಪಂದ್ಯದಲ್ಲಿಯೇ ಹೀಗೆ ನಗೆಗೀಡಾದಾಗ, ಬೇರೆಯವನಾಗಿದ್ದರೆ ಹಳೆಯ ತಂತಿಚಕ್ರಕ್ಕೆ ಹಿಂದಿರುಗುತ್ತಿದ್ದನೇನೋ. ಬುಗಾಟ್ಟಿ ಚಕ್ರವನ್ನು ಬಿಡಲಿಲ್ಲ. ಟೈರು ತನ್ನ ಕೈಯ ಕೆಲಸವಲ್ಲ, ಚಕ್ರ ತನ್ನದು. ತನ್ನದರಲ್ಲಿ ಕೊರತೆಯಿಲ್ಲವೆಂದು ಆತನ ಕಣ್ಣು ಹೇಳಿತು. ಈ ಬಾರಿ ಅದು ಸತ್ಯವನ್ನೇ ಹೇಳಿತೆಂದು ಒಪ್ಪಬೇಕು. ಅದೇ ಚಕ್ರಗಳ ಮೇಲೆ 1925ರಿಂದ 1929ರವರೆಗೆ ಐದು ವರ್ಷ ಎಡೆಬಿಡದೆ, ಸಿಸಿಲಿಯ ಬೆಟ್ಟದ ಹಾದಿಯ ಟಾರ್ಗಾ ಫ್ಲೋರಿಯೋ ಪಂದ್ಯವನ್ನು ಬುಗಾಟ್ಟಿ ಕಾರುಗಳೇ ಗೆದ್ದುವು. 1929ರಲ್ಲಿ ನಡೆದ ಮೊಟ್ಟಮೊದಲ ಮೊನಾಕೋ ಗ್ರ್ಯಾಂಡ್ ಪ್ರಿಯೂ ಇದೇ ಜಾತಿಯ ಕಾರಿಗೆ ಸಂದಿತು. ಹಣವಿದ್ದ ಯಾರಾದರೂ ಮೋಲ್ಸೈಮಿಗೆ ಹೋಗಿ ಇಂಥ ಕಾರನ್ನು ಕೊಂಡು ತಂದು ಪಂದ್ಯಕ್ಕಿಳಿಯಬಹುದಾಗಿದ್ದಿತು. ಗೆಲವುಗಳ ಸಂಖ್ಯೆ ಅಷ್ಟೊಂದು ಬೆಳೆಯಲು ಇದೂ ಒಂದು ಕಾರಣ.

ಆದರೆ ಗೆದ್ದ ಹಟ ಮನುಷ್ಯನಿಗೆ ಅಪಾಯಕಾರಿ. ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರನ್ನು ಇತರರು ಬಳಸಿ ಗೆಲ್ಲುತ್ತಿದ್ದಾಗ ಬುಗಾಟ್ಟಿ ಮೊದಮೊದಲು ಮುಖ ತಿರುಗಿಸಿದನು. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕು ಎಲ್ಲೆಲ್ಲಿಯೂ ಬಂದ ಮೇಲೂ, 1938ರ ತನಕ, ತನ್ನ ಕಾರುಗಳಿಗೆ ಹಗ್ಗದಂಥ ತಂತಿಯ ಬ್ರೇಕನ್ನೇ ಇರಿಸಿದನು. ಇನ್ನು ರಾಜಮಹಾರಾಜರಿಗೆಂದು ಮಾಡಿದ ರೋಯಾಲ್ ಕಾರಿನ ಕಥೆಯಂತೂ ಕೇಳುವುದೇ ಬೇಡ. ಸುಮಾರು 12.7 ಲೀಟರಿನ ಎಂಜಿನು; ಮೂಗಿನ ಮೇಲೆ ತೀರಿಹೋದ ತಮ್ಮ ರೆಂಬ್ರಾಂಟ್ ರೂಪಿಸಿದ, ಹಿಂಗಾಲ ಮೇಲೆ ನಿಂತ ಆನೆ. ಅಷ್ಟರಲ್ಲಿ ಜಗತ್ತಿನ ಆರ್ಥಿಕ ಮುಗ್ಗಟ್ಟು ಬಂದಿತು. ಮಾಡಿದ್ದು ಆರು, ಮಾರಾಟವಾದುದು ಮೂರು, ರಾಜನೊಬ್ಬನೂ ಕೊಳ್ಳಲಿಲ್ಲ. ತೂಕ ಇಳಿಸುವುದರಲ್ಲಿ ಹೆಸರಾದವನೇ ಇಂಥ ಗಜಗಾತ್ರದ ಗಾಡಿಯನ್ನು ಕಟ್ಟಿದನಲ್ಲ ಎಂದು ನನಗೆ ಅಚ್ಚರಿ. ಉಳಿದ ಎಂಜಿನುಗಳಿಗೆ ಆತನು ಹುಡುಕಿದ ದಾರಿ ಮಾತ್ರ ಮೆಚ್ಚತಕ್ಕದ್ದು: 1933ರಲ್ಲಿ ಅವುಗಳನ್ನು ರೈಲುಗಾಡಿಗೆ ಕೂಡಿಸಿದನು. ಫ್ರಾನ್ಸಿನ ಹಳಿಗಳ ಮೇಲೆ ಆ ಗಾಡಿಗಳು ಬಹುಕಾಲ ಓಡಿದುವು. ಕಾರ್ಖಾನೆಗೆ ಅನ್ನ ಕೊಟ್ಟದ್ದು ಪಂದ್ಯಗಳಲ್ಲ, ಆ ರೈಲು.

1936ರಲ್ಲಿ ಫ್ರಾನ್ಸಿನಲ್ಲೆಲ್ಲ ಹಬ್ಬಿದ ಮುಷ್ಕರ ಮೋಲ್ಸೈಮಿಗೂ ಬಂದಿತು. ಕೆಲಸಗಾರರನ್ನು ಮನೆಯ ಮಕ್ಕಳೆಂದು ಭಾವಿಸಿದ್ದ ಯಜಮಾನನಿಗೆ ಅದು ತಡೆಯಲಾರದ ಅವಮಾನವೆನಿಸಿತು. ಆತನು ಪ್ಯಾರಿಸಿಗೆ ಹೊರಟುಹೋದನು. ಕೆಲಸಗಾರರ ಕಡೆಯ ನ್ಯಾಯ ಆತನಿಗೆ ಕಾಣಲಿಲ್ಲವೆಂದೇ ನನ್ನ ಎಣಿಕೆ. ಕಾರ್ಖಾನೆಯ ಹೊಣೆ ಹಿರಿಯ ಮಗ ಜಾನ್ ಮೇಲೆ ಬಿದ್ದಿತು. ತಂದೆಯ ಕಣ್ಣೂ ಹೊಸ ಕಾಲದ ತಿಳಿವೂ ಕೂಡಿದ್ದ ಹುಡುಗ. 1939ರಲ್ಲಿ ಬುಗಾಟ್ಟಿ ಕಾರು ಲೆ ಮಾನ್ಸಿನ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ಗೆದ್ದಿತು. ಅದೇ ಆಗಸ್ಟ್ 11ರ ರಾತ್ರಿ ಊರ ಸಮೀಪದ ರಸ್ತೆಯಲ್ಲಿ ಗೆದ್ದ ಕಾರನ್ನೇ ಪರೀಕ್ಷಿಸುತ್ತಿದ್ದಾಗ, ಅಡ್ಡಬಂದ ಸೈಕಲ್ ಸವಾರನೊಬ್ಬನನ್ನು ಉಳಿಸಲು ಹೋಗಿ ಜಾನ್ ಮರಕ್ಕೆ ಡಿಕ್ಕಿ ಹೊಡೆದು ಸತ್ತನು. ಮೂವತ್ತು ವರ್ಷ. ಮೂರು ವಾರಗಳೊಳಗೆ ಎರಡನೆಯ ಮಹಾಯುದ್ಧ.

ಯುದ್ಧದಲ್ಲಿ ಕಾರ್ಖಾನೆ ಜರ್ಮನರ ಕೈಸೇರಿತು. ಯುದ್ಧ ಮುಗಿದ ಮೇಲೆ, ಆತನಿನ್ನೂ ಇಟಲಿಯ ಪ್ರಜೆಯೆಂಬ ಕಾರಣದಿಂದ ಫ್ರೆಂಚ್ ಸರ್ಕಾರ ಅದನ್ನು ಶತ್ರುವಿನ ಆಸ್ತಿಯೆಂದು ಹಿಡಿದಿಟ್ಟಿತು. ಬಾಳಿನ ಬಹುಭಾಗ ಆಲ್ಸೇಸಿನಲ್ಲಿ ಕಳೆದು, ಫ್ರಾನ್ಸಿನ ನೀಲಿ ಬಣ್ಣ ಹಚ್ಚಿ ಪಂದ್ಯಗಳನ್ನು ಗೆದ್ದವನಿಗೆ ಈ ಪಟ್ಟ! ನ್ಯಾಯಾಲಯಗಳ ಮೆಟ್ಟಿಲು ಹತ್ತಿದ ಮೇಲೆ 1947ರಲ್ಲಿ ಕಾರ್ಖಾನೆಯನ್ನು ಹಿಂದಿರುಗಿಸಬೇಕೆಂದು ತೀರ್ಪಾಯಿತು. ಆ ಹೊತ್ತಿಗೆ ಆತನು ಹಾಸಿಗೆ ಹಿಡಿದಿದ್ದನು. ಆಗಸ್ಟ್ 21ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ಮೋಲ್ಸೈಮಿಗೆ ಹೊಂದಿಕೊಂಡಿರುವ ಡೋರ್ಲಿಸೈಮ್ ಎಂಬ ಹಳ್ಳಿಯಲ್ಲಿ ಬುಗಾಟ್ಟಿ ಮನೆತನದ ಸಮಾಧಿಯಿದೆ. ಮಗನನ್ನು ಇಟ್ಟಿದ್ದ ಆ ನೆಲದಲ್ಲಿಯೇ ತಂದೆಯನ್ನೂ ಇಟ್ಟರು.