ಹ್ಯಾರಿ ಬ್ರಿಯರ್ಲಿ: ತುಕ್ಕು ಹಿಡಿಯದ ಉಕ್ಕು ಕೊಟ್ಟವರು, ಮತ್ತು ಸ್ಟೀಲೋ ನಾನ್‌ಸ್ಟಿಕ್ಕೋ ಎಂಬ ನಮ್ಮ ಪ್ರಶ್ನೆ

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಾಗಲಿ, ಬೆಂಗಳೂರಿನ ಬಡಾವಣೆಯಾಗಲಿ, ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸುವುದು ನಮ್ಮಲ್ಲಿ ರೂಢಿ. ಮದುವೆಯಲ್ಲಿ ಉಡುಗೊರೆ ಬಂದ ಕೊಡದ ಮೇಲೆ ಎಷ್ಟೋ ವರ್ಷಗಳ ನಂತರವೂ ಆ ಹೆಸರು ಓದಲು ಸಿಗುತ್ತದೆ, ಕೊರೆದ ಜಾಗ ತುಕ್ಕು ಹಿಡಿದಿರುವುದಿಲ್ಲ. ಅದೇ ನಾನ್‌ಸ್ಟಿಕ್ ತವೆಗೆ ಒಂದು ಗೀರು ಬಿದ್ದರೆ ಮನೆಯಲ್ಲಿ ಆತಂಕ. ಏಕೆ ಹೀಗೆ? ಉತ್ತರಕ್ಕಾಗಿ ನಾವು ಇಂಗ್ಲೆಂಡಿನ ಹ್ಯಾರಿ ಬ್ರಿಯರ್ಲಿ ಅವರ ಬದುಕನ್ನು ನೋಡಬೇಕು.

ಬಾಟಲಿ ತೊಳೆಯುತ್ತಿದ್ದ ಹುಡುಗ

ಬ್ರಿಯರ್ಲಿ ಹುಟ್ಟಿದ್ದು 1871ರಲ್ಲಿ, ಚಾಕು-ಚೂರಿಗಳಿಗೆ ಹೆಸರಾದ ಶೆಫೀಲ್ಡ್ ನಗರದಲ್ಲಿ. ತಂದೆ ಉಕ್ಕು ಕರಗಿಸುವ ಕೆಲಸಗಾರ. ಮನೆಯಲ್ಲಿ ಬಡತನ. 12ನೇ ವಯಸ್ಸಿಗೇ ಶಾಲೆ ಬಿಟ್ಟ ಹುಡುಗ ಥಾಮಸ್ ಫರ್ತ್ ಎಂಬ ಉಕ್ಕಿನ ಕಂಪನಿಯ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದ. ಹಗಲು ಕೆಲಸ, ಸಂಜೆ ತರಗತಿ. ಹೀಗೆ ಲೋಹಗಳ ರಸಾಯನಶಾಸ್ತ್ರ ಕಲಿತ ಬ್ರಿಯರ್ಲಿ ಕೆಲವು ವರ್ಷ ರಿಗಾ ನಗರದಲ್ಲೂ ದುಡಿದರು. 1908ರಲ್ಲಿ ಶೆಫೀಲ್ಡಿನ ಎರಡು ದೊಡ್ಡ ಕಂಪನಿಗಳು ಸೇರಿ ತೆರೆದ ಬ್ರೌನ್-ಫರ್ತ್ ಸಂಶೋಧನಾಲಯಕ್ಕೆ ಅವರೇ ಮುಖ್ಯಸ್ಥರಾದರು.

ಬಂದೂಕಿನಿಂದ ಊಟದ ಮೇಜಿಗೆ

1912ರಲ್ಲಿ ಬಂದೂಕು ತಯಾರಕರ ಸಮಸ್ಯೆಯೊಂದು ಅವರ ಮುಂದೆ ಬಂತು. ಗುಂಡಿನ ಬಿಸಿಗೂ ಉಜ್ಜಾಟಕ್ಕೂ ನಳಿಗೆಯ ಒಳಮೈ ಬೇಗ ಸವೆಯುತ್ತಿತ್ತು. ಇದಕ್ಕೆ ಪರಿಹಾರವಾಗಿ ಉಕ್ಕಿಗೆ ಕ್ರೋಮಿಯಂ ಬೆರೆಸಿ ನೋಡತೊಡಗಿದರು. 1913ರ ಆಗಸ್ಟ್‌ನಲ್ಲಿ ಎರಕ ಹೊಯ್ದ ಉಕ್ಕಿನಲ್ಲಿ ಶೇ. 12.8ರಷ್ಟು ಕ್ರೋಮಿಯಂ ಇತ್ತು. ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲು ಉಕ್ಕಿನ ತುಂಡನ್ನು ಆಮ್ಲದಿಂದ ಸ್ವಲ್ಪ ತಿನ್ನಿಸುವುದು ವಾಡಿಕೆ. ಈ ತುಂಡಿಗೆ ಆಮ್ಲ ಸರಿಯಾಗಿ ತಾಗಲೇ ಇಲ್ಲ. ವಿನೆಗರ್, ನಿಂಬೆರಸಕ್ಕೂ ಅದು ಜಗ್ಗಲಿಲ್ಲ.

ಚಾಕುಗಳ ಊರಿನವರಾದ ಬ್ರಿಯರ್ಲಿಗೆ ಇದರ ಬೆಲೆ ಗೊತ್ತಾಯಿತು. ಆದರೆ ಊರಿನವರು ಒಪ್ಪಲಿಲ್ಲ. ಹೊಸ ಉಕ್ಕನ್ನು ಬಡಿದು ಹದಗೊಳಿಸುವುದು ಕಷ್ಟ, ಅದರ ಚಾಕುವಿಗೆ ಹರಿತವಿಲ್ಲ ಎಂಬ ಗೇಲಿ ಕೇಳಬೇಕಾಯಿತು. ಅರ್ನೆಸ್ಟ್ ಸ್ಟುವರ್ಟ್ ಎಂಬ ಚಾಕು ತಯಾರಿಕಾ ವ್ಯವಸ್ಥಾಪಕ ಮಾತ್ರ ಪಟ್ಟು ಹಿಡಿದು ಅದನ್ನು ಹದಕ್ಕೆ ತಂದರು. ಕಲೆ ಹಿಡಿಯದ್ದು ಎಂಬ ಅರ್ಥದ ‘ಸ್ಟೇನ್‌ಲೆಸ್’ ಎಂಬ ಹೆಸರೂ ಅವರದೇ. ಹಕ್ಕುಸ್ವಾಮ್ಯದ ವಿಚಾರದಲ್ಲಿ ಕಂಪನಿಯೊಂದಿಗೆ ಜಗಳವಾಗಿ, 1915ರ ಹೊತ್ತಿಗೆ ಬ್ರಿಯರ್ಲಿ ಹೊರಬಂದರು.

ಈ ಶೋಧ ಅವರೊಬ್ಬರದೇ ಅಲ್ಲ. ಜರ್ಮನಿಯ ಕ್ರುಪ್ ಕಂಪನಿಯಲ್ಲೂ ಅಮೆರಿಕದಲ್ಲೂ ಅದೇ ಕಾಲಕ್ಕೆ ಇಂಥ ಉಕ್ಕುಗಳು ತಯಾರಾಗಿದ್ದವು. ಇಂದು ಒಳ್ಳೆಯ ಪಾತ್ರೆಗಳ ತಳದಲ್ಲಿ ಕಾಣುವ 18/8 ಉಕ್ಕನ್ನು, ಅಂದರೆ ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕ್ಕಲ್ ಇರುವುದನ್ನು, 1924ರಲ್ಲಿ ರೂಪಿಸಿದವರು ಬ್ರಿಯರ್ಲಿ ಜಾಗಕ್ಕೆ ಬಂದ ಹ್ಯಾಟ್‌ಫೀಲ್ಡ್. ಅಡುಗೆಮನೆಗೆ ದಾರಿ ತೆರೆದವರು ಮಾತ್ರ ಬ್ರಿಯರ್ಲಿ. 1920ರಲ್ಲಿ ಅವರಿಗೆ ಬೆಸೆಮರ್ ಚಿನ್ನದ ಪದಕ ಸಂದಿತು. 1948ರಲ್ಲಿ ತೀರಿಕೊಂಡರು.

ಗಾಯ ಮಾಯುವ ಲೋಹ

ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಾಗುತ್ತದೆ. ಉಜ್ಜಿದರೆ, ಕೊರೆದರೆ ಆ ಪದರ ಹೋಗುತ್ತದೆ. ಆದರೆ ಕೂಡಲೇ ಒಳಗಿನ ಕ್ರೋಮಿಯಂನಿಂದ ಹೊಸದು ಹುಟ್ಟುತ್ತದೆ. ಕೊರೆದ ಹೆಸರು ತುಕ್ಕು ಹಿಡಿಯದಿರಲು ಇದೇ ಕಾರಣ.

ನಾನ್‌ಸ್ಟಿಕ್ ಲೇಪನ ಹಾಗಲ್ಲ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಅವರಿಗೆ ಆಕಸ್ಮಿಕವಾಗಿ ಸಿಕ್ಕ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ ಅದು. ಅದನ್ನು ಪಾತ್ರೆಗೆ ಬಳಿದಿರುತ್ತಾರೆ ಅಷ್ಟೇ. ಕಿತ್ತುಹೋದರೆ ಮತ್ತೆ ಬೆಳೆಯುವುದಿಲ್ಲ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೆಡತೊಡಗುತ್ತದೆ. ಇನ್ನೂ ಕಾದರೆ ಬರುವ ಹೊಗೆ ಜ್ವರದಂಥ ಲಕ್ಷಣ ತರಬಹುದು, ಪಂಜರದ ಗಿಳಿಯನ್ನು ಕೊಲ್ಲಲೂಬಹುದು.

ಹಾಗೆಂದು ಚಕ್ಕೆ ಹೊಟ್ಟೆಗೆ ಹೋದರೆ ಕ್ಯಾನ್ಸರ್ ಖಚಿತ ಎಂಬ ಮಾತನ್ನು ನಂಬಬೇಕಿಲ್ಲ. ಆ ಚಕ್ಕೆ ಜೀರ್ಣವಾಗದೆ ಹೊರಹೋಗುತ್ತದೆ. ಅಪಾಯಕಾರಿ ಎನಿಸಿಕೊಂಡದ್ದು, ಹಿಂದೆ ಲೇಪನದ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ಬೇರೆ ರಾಸಾಯನಿಕ. ದೊಡ್ಡ ಕಂಪನಿಗಳು ಅದನ್ನು ಕೈಬಿಟ್ಟಿವೆ.

ಯಾವ ಅಡುಗೆಗೆ ಯಾವುದು?

ಜೋಳದ ರೊಟ್ಟಿಗೆ ನಾನ್‌ಸ್ಟಿಕ್ ಬೇಡವೇ ಬೇಡ. ರೊಟ್ಟಿಗೆ ದೊಡ್ಡ ಉರಿ ಬೇಕು, ಹಂಚು ಎಣ್ಣೆಯಿಲ್ಲದೆ ಖಾಲಿಯಾಗಿ ಕಾಯಬೇಕು. ನಾನ್‌ಸ್ಟಿಕ್ ಲೇಪನಕ್ಕೆ ಆಗದ್ದು ಇದೇ. ರೊಟ್ಟಿಗೆ ಕಬ್ಬಿಣದ ಹಂಚೇ ಸರಿ.

ಪುಂಡಿ ಪಲ್ಯ, ಹುಣಸೆ ಹುಳಿ ಹಾಕಿದ ಸಾರು, ಬೇಳೆ, ಹಾಲು ಇವಕ್ಕೆ ಸ್ಟೀಲ್ ಒಳ್ಳೆಯದು. ಹುಳಿಗೆ ಅದು ಅಂಜುವುದಿಲ್ಲ. ಆದರೆ ಸ್ಟೀಲ್ ಬಿಸಿಯನ್ನು ಸಮನಾಗಿ ಹರಡುವುದಿಲ್ಲ, ತೆಳು ಪಾತ್ರೆಯಲ್ಲಿ ಉಪ್ಪಿಟ್ಟು ತಳ ಹಿಡಿಯುತ್ತದೆ. ತಳದಲ್ಲಿ ಅಲ್ಯುಮಿನಿಯಂ ಸೇರಿಸಿದ ದಪ್ಪ ಪಾತ್ರೆ ಕೊಂಡರೆ ಈ ತೊಂದರೆ ಕಡಿಮೆ. ಉಪ್ಪನ್ನು ನೀರು ಕುದಿದ ಮೇಲೆ ಹಾಕಿ. ತಣ್ಣೀರಿನ ತಳದಲ್ಲಿ ಕೂತ ಉಪ್ಪು ಸ್ಟೀಲಿನಲ್ಲೂ ಸಣ್ಣ ಗುಳಿ ಮಾಡಬಲ್ಲದು.

ಮೊಟ್ಟೆ, ಕಡಿಮೆ ಎಣ್ಣೆಯ ದೋಸೆಗೆ ನಾನ್‌ಸ್ಟಿಕ್ ಇರಲಿ. ಸಣ್ಣ ಅಥವಾ ನಡು ಉರಿ, ಮರದ ಸಟ್ಟುಗ, ಮೆದು ಸ್ಪಂಜು ಸಾಕು. ಲೇಪನ ಎದ್ದು ಬರತೊಡಗಿದ ದಿನ ಅದರ ಕೆಲಸ ಮುಗಿಯಿತು ಎಂದುಕೊಳ್ಳಿ. ಕೈಯಲ್ಲಿ ಹಣ ಕಡಿಮೆಯಿದ್ದು ಒಂದನ್ನೇ ಕೊಳ್ಳುವುದಾದರೆ, ಗೀರು ಬಿದ್ದರೂ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಸ್ಟೀಲನ್ನೇ ಕೊಳ್ಳಿ ಎನ್ನುತ್ತೇವೆ ನಾವು.