ಎಲೆಯ ಕಷಾಯ ಮತ್ತು ಕರ್ನಲ್ ಚೋಪ್ರಾ

ಸುವರ್ಣ ಮಹೋತ್ಸವ ಸಮಿತಿಯ ಹಿರಿಯರು ಫೋನ್ ಮಾಡಿ ಲೇಖನ ಕೇಳಿದಾಗ ಶಾಲೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆ. ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ಈ ಸಂಚಿಕೆಯಲ್ಲಿ ಬಹಳ ಜನ ಇದ್ದಾರೆ. ಆದ್ದರಿಂದ ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲದಿದ್ದ ಒಬ್ಬ ವಿಜ್ಞಾನಿಯ ಬಗ್ಗೆ ಬರೆಯುತ್ತಿದ್ದೇನೆ. ಮಲೇರಿಯಾ ಪಾಠದಲ್ಲಿ ರೊನಾಲ್ಡ್ ರಾಸ್ ಇದ್ದರು, ಅನಾಫಿಲಿಸ್ ಸೊಳ್ಳೆಯ ಚಿತ್ರ ಇತ್ತು. ಸರ್ ರಾಮನಾಥ ಚೋಪ್ರಾ ಇರಲಿಲ್ಲ.

ಮೊದಲು ನಮ್ಮ ಮನೆಯ ಮಾತು. ನಾನು ಎಂಟನೇ ತರಗತಿಯಲ್ಲಿದ್ದಾಗ ಕಾಕಾಗೆ ಜ್ವರ ಬಂತು. ಕಲಘಟಗಿ ತಾಲೂಕಿನ ಕಾಡಂಚಿನ ಊರು ನಮ್ಮದು, ಮಳೆಗಾಲ ಬೇರೆ. ಮೂರು ಕೌದಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಅಜ್ಜಿ ಹಿತ್ತಲಿನ ನೆಲಬೇವಿನ ಎಲೆ, ಅಮೃತಬಳ್ಳಿ ಕುದಿಸಿ ಕಷಾಯ ಕುಡಿಸಿದಳು. ಸಂಜೆಗೆ ಮೈ ಬೆವರಿ ಜ್ವರ ಇಳಿಯಿತು. ಮರುದಿನ ಕಾಕಾ ಎದ್ದು ಗದ್ದೆಗೆ ಹೋದ. ಅದರ ಮರುದಿನ ಮತ್ತೆ ಅದೇ ನಡುಕ, ಮತ್ತೆ ಕಷಾಯ, ಮತ್ತೆ ಬೆವರು. ಹೀಗೆ ಹತ್ತು ಹನ್ನೆರಡು ದಿನ ನಡೆಯಿತು. ಪ್ರತಿ ಸಲವೂ ಕಷಾಯ ಗೆದ್ದಿತೆಂದೇ ನಾವೆಲ್ಲ ನಂಬಿದೆವು. ಕೊನೆಗೆ ಆರೋಗ್ಯ ಸಹಾಯಕರು ಬಂದು ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು ಹೋದರು. ಮಲೇರಿಯಾ ಎಂದು ತಿಳಿಯಿತು, ಗುಳಿಗೆ ಕೊಟ್ಟರು. ಅಷ್ಟರಲ್ಲಿ ಕಾಕಾ ಎಷ್ಟು ಸೋತಿದ್ದನೆಂದರೆ ಆ ಹಂಗಾಮಿನಲ್ಲಿ ಗದ್ದೆಗೆ ಇಳಿಯಲೇ ಇಲ್ಲ. ನಾಟಿಯನ್ನು ಆಳುಗಳಿಂದ ಮಾಡಿಸಿ ಆದ ಸಾಲ ತೀರಲು ಎರಡು ವರ್ಷ ಹಿಡಿಯಿತು.

ಕಷಾಯ ಕುಡಿದಾಗಲೆಲ್ಲ ಜ್ವರ ಇಳಿದದ್ದಂತೂ ಸುಳ್ಳಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? ಈ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಸೇರಿದ ಮೇಲೆ, ಚೋಪ್ರಾ ಅವರ ಬಗ್ಗೆ ಓದಿದಾಗ.

ರಾಮನಾಥ ಚೋಪ್ರಾ ಹುಟ್ಟಿದ್ದು 1882ರ ಆಗಸ್ಟ್ 17ರಂದು, ಈಗ ಪಾಕಿಸ್ತಾನದಲ್ಲಿರುವ ಗುಜ್ರಾನ್‌ವಾಲಾದಲ್ಲಿ. ಲಾಹೋರಿನಲ್ಲಿ ಓದಿ, ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಡಿಕ್ಸನ್ ಎಂಬ ಪ್ರಾಧ್ಯಾಪಕರ ಬಳಿ ಔಷಧ ವಿಜ್ಞಾನ ಕಲಿತರು. ಔಷಧ ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಅಳತೆ ಮಾಡಿ ನೋಡುವ ಶಾಸ್ತ್ರ ಅದು. ಆಗ ನಮ್ಮ ದೇಶದಲ್ಲಿ ಅದಕ್ಕೆ ಬೇರು ಇರಲಿಲ್ಲ. 1908ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ, ಮೊದಲ ಮಹಾಯುದ್ಧದ ಕಾಲದಲ್ಲಿ ಪೂರ್ವ ಆಫ್ರಿಕದಲ್ಲಿ ಸೈನ್ಯದ ವೈದ್ಯರಾಗಿದ್ದರು. ಕರ್ನಲ್ ಎಂಬ ಬಿರುದು ಅವರಿಗೆ ಆ ಸೇವೆಯಿಂದ ಬಂದದ್ದು.

ಅವರ ನಿಜವಾದ ಕೆಲಸ ಆರಂಭವಾದದ್ದು 1921ರಲ್ಲಿ, ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಔಷಧ ವಿಜ್ಞಾನದ ಪ್ರಾಧ್ಯಾಪಕರಾದಾಗ. ಮಲೇರಿಯಾಕ್ಕೆ ಆಗ ನಂಬಬಹುದಾದ ಔಷಧವೆಂದರೆ ಸಿಂಕೋನ ಮರದ ತೊಗಟೆಯಿಂದ ತೆಗೆದ ಕ್ವಿನೈನ್. ನೀಲಗಿರಿಯಲ್ಲೂ ಡಾರ್ಜಿಲಿಂಗ್ ಕಡೆಯಲ್ಲೂ ಸಿಂಕೋನ ತೋಟಗಳಿದ್ದರೂ ದೇಶಕ್ಕೆ ಸಾಲುತ್ತಿರಲಿಲ್ಲ. ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಸಾಲದ್ದಕ್ಕೆ ಪೇಟೆಯಲ್ಲಿ ಕಲಬೆರಕೆ ಕ್ವಿನೈನ್ ಧಾರಾಳವಾಗಿ ಮಾರಾಟವಾಗುತ್ತಿತ್ತು. ನಮ್ಮ ಕಾಡಿನ ಗಿಡಗಳಲ್ಲೇ ಅಗ್ಗದ ಔಷಧ ಸಿಕ್ಕರೆ ಹಳ್ಳಿಯವನಿಗೂ ದಕ್ಕೀತು ಎಂಬುದು ಚೋಪ್ರಾ ಅವರ ಆಸೆ. ಆದರೆ ಆಸೆಯನ್ನು ಅವರು ಪರೀಕ್ಷೆಯ ಮುಂದೆ ತರಲಿಲ್ಲ. ನನಗೆ ಅವರಲ್ಲಿ ಹಿಡಿಸಿದ್ದು ಇದೇ.

ಅವರ ಕ್ರಮ ಹೀಗಿತ್ತು. ವೈದ್ಯರು, ಹಕೀಮರು, ಹಳ್ಳಿಯವರು ಒಳ್ಳೆಯದೆಂದು ಹೇಳುವ ಗಿಡವನ್ನು ತಂದು, ಅದು ಅದೇ ಗಿಡ ಹೌದೋ ಅಲ್ಲವೋ ಎಂದು ಮೊದಲು ಖಾತ್ರಿ ಮಾಡಿಕೊಳ್ಳುವುದು. ರಸಾಯನ ತಜ್ಞರು ಎಲೆ, ತೊಗಟೆ, ಬೇರುಗಳಲ್ಲಿರುವ ಸತ್ವವನ್ನು ಬೇರ್ಪಡಿಸುವುದು. ಅದನ್ನು ಪ್ರಾಣಿಗಳ ಮೇಲೆ ನೋಡಿ, ಅಪಾಯವಿಲ್ಲವೆಂದು ಕಂಡ ಮೇಲೆ ಪಕ್ಕದ ಕಾರ್ಮೈಕೇಲ್ ಆಸ್ಪತ್ರೆಯ ರೋಗಿಗಳಿಗೆ ಕೊಡುವುದು. ಮಲೇರಿಯಾದಲ್ಲಿ ಥರ್ಮಾಮೀಟರ್ ಒಂದನ್ನೇ ನಂಬುವಂತಿಲ್ಲ, ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗಾಣು ಇದೆಯೋ ಹೋಯಿತೋ ಎಂದು ಲೆಕ್ಕ ಹಾಕಬೇಕು.

ನಮ್ಮ ಕಾಕಾನ ಗುಟ್ಟು ಇಲ್ಲಿತ್ತು. ಅವನಿಗೆ ಬಂದಂಥ ಮಲೇರಿಯಾದಲ್ಲಿ ಜ್ವರ ಸುಮಾರು 48 ಗಂಟೆಗೊಮ್ಮೆ ಏರುತ್ತದೆ, ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಕಷಾಯ ಕುಡಿಸಿದರೂ ಇಳಿಯುತ್ತದೆ, ಬರೀ ನೀರು ಕುಡಿಸಿದರೂ ಇಳಿಯುತ್ತದೆ. ಕಂಪ್ಯೂಟರ್ ಹಟ ಹಿಡಿದಾಗ ಆಫ್ ಮಾಡಿ ಆನ್ ಮಾಡಿ, ರಿಪೇರಿ ಆಯಿತು ಎನ್ನುತ್ತೇವಲ್ಲ, ಹಾಗೆ. ನಮ್ಮ ಕೆಲಸದಲ್ಲಿ ಅದನ್ನು ಯಾರೂ ಪರೀಕ್ಷೆ ಎಂದು ಒಪ್ಪುವುದಿಲ್ಲ. ಮನೆಯಲ್ಲಿ ಮಾತ್ರ ಹನ್ನೆರಡು ದಿನ ಒಪ್ಪಿದ್ದೆವು.

ಜ್ವರಕ್ಕೆ ಹೆಸರಾದ ಗಿಡಗಳಲ್ಲಿ ಸಪ್ತಪರ್ಣಿ ಒಂದು. ನಮ್ಮಲ್ಲಿ ಮದ್ದಾಲೆ ಎನ್ನುತ್ತಾರೆ, ಒಂದು ಗೆಣ್ಣಿಗೆ ಸಾಮಾನ್ಯವಾಗಿ ಏಳು ಎಲೆ. ತುಳುನಾಡಿನವರು ಆಟಿ ಅಮಾವಾಸ್ಯೆಯ ಬೆಳಿಗ್ಗೆ ಇದರ ತೊಗಟೆಯ ಕಷಾಯ ಕುಡಿಯುತ್ತಾರೆ. ಹಿಂದೆ ಇದರ ಹಲಗೆಯಲ್ಲಿ ಮಕ್ಕಳು ಬರೆಯುವ ಪಾಟಿ ಮಾಡುತ್ತಿದ್ದರಂತೆ, ಲ್ಯಾಟಿನ್ ಹೆಸರಿನಲ್ಲೇ ಶಾಲೆ ಇದೆ. ಶಾಲೆಯ ಸಂಚಿಕೆ ಎಂದು ಇದನ್ನೂ ಸೇರಿಸಿದೆ. ಇದರ ತೊಗಟೆ ಕ್ವಿನೈನ್‌ಗೆ ಸಮ ಎಂದು ಹತ್ತೊಂಬತ್ತನೆಯ ಶತಮಾನದಲ್ಲೇ ಹೊಗಳಿಕೆ ಹಬ್ಬಿತ್ತು. ಪರೀಕ್ಷೆಯಲ್ಲಿ ಆ ಹೊಗಳಿಕೆ ನಿಲ್ಲಲಿಲ್ಲ, ರಕ್ತದಲ್ಲಿನ ರೋಗಾಣುಗಳು ಅದಕ್ಕೆ ಜಗ್ಗಲಿಲ್ಲ. ಸ್ವದೇಶಿ ಔಷಧಕ್ಕಾಗಿ ಜೀವ ತೇಯುತ್ತಿದ್ದ ಮನುಷ್ಯನಿಗೆ ಇದು ಸಿಹಿ ಸುದ್ದಿಯಾಗಿರಲಾರದು.

ಹಾಗೆಂದು ಎಲ್ಲವೂ ಬಿದ್ದುಹೋಗಲಿಲ್ಲ. ನಮ್ಮ ಕಾಡಿನಲ್ಲೂ ಇರುವ ಕೊಡಸಿಗೆ ಮರದ ತೊಗಟೆಯಿಂದ ಆಮಶಂಕೆಗೆ ಅದೇ ಸಂಸ್ಥೆಯಲ್ಲಿ ಔಷಧ ತಯಾರಾಯಿತು. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು 1933ರಲ್ಲಿ ಅವರೂ ಸಂಗಡಿಗರೂ ತೋರಿಸಿದರು. ಇಪ್ಪತ್ತು ವರ್ಷಗಳಲ್ಲಿ ಅದರ ಸತ್ವ ಜಗತ್ತಿನ ಆಸ್ಪತ್ರೆಗಳಿಗೆಲ್ಲ ಮುಟ್ಟಿತು. ಆ ಗೆಲುವನ್ನು ಜನ ನಂಬಿದ್ದು, ಅದೇ ಕೈ ಮದ್ದಾಲೆಗೆ ಇಲ್ಲ ಎಂದು ಬರೆದಿದ್ದರಿಂದ ಎಂದು ನನಗೆ ಅನಿಸುತ್ತದೆ. 1933ರಲ್ಲೇ ಅವರ ದೊಡ್ಡ ಪುಸ್ತಕ ‘ಇಂಡಿಜಿನಸ್ ಡ್ರಗ್ಸ್ ಆಫ್ ಇಂಡಿಯಾ’ ಹೊರಬಂತು.

ಕಲಬೆರಕೆಯ ವಿಷಯಕ್ಕೂ ಅವರೇ ಕೈಹಾಕಬೇಕಾಯಿತು. 1930ರಲ್ಲಿ ಸರ್ಕಾರ ನೇಮಿಸಿದ ಔಷಧ ವಿಚಾರಣಾ ಸಮಿತಿಗೆ ಚೋಪ್ರಾ ಅಧ್ಯಕ್ಷರು. ಮರುವರ್ಷವೇ ವರದಿ ಕೊಟ್ಟರು, ಕಾನೂನು ಬರಲು ಮಾತ್ರ 1940 ಆಯಿತು. ಇಂದು ಔಷಧದ ಪಟ್ಟಿಯ ಮೇಲೆ ಬ್ಯಾಚ್ ನಂಬರ್, ಅವಧಿಯ ದಿನಾಂಕ ನೋಡಿ ಕೊಳ್ಳುತ್ತೇವಲ್ಲ, ಆ ವ್ಯವಸ್ಥೆಯ ಬುಡ ಆ ಕಾನೂನಿನಲ್ಲಿದೆ. 1941ರಲ್ಲಿ ಸರ್ ಪದವಿ ಸಿಕ್ಕಿತು. ಕಲ್ಕತ್ತೆ ಬಿಟ್ಟ ಮೇಲೆ ಜಮ್ಮು ಕಾಶ್ಮೀರಕ್ಕೆ ಹೋಗಿ ಅಲ್ಲಿಯೂ ಔಷಧ ಸಂಶೋಧನಾಲಯ ನಡೆಸಿದರು.

ನಮ್ಮ ಜಿಲ್ಲೆಯ ಮಲೇರಿಯಾ ಆಗ ಇಳಿದದ್ದು ಗಿಡದಿಂದಲ್ಲ. ಮುಂಬೈ ಪ್ರಾಂತದ ಆರೋಗ್ಯ ಅಧಿಕಾರಿ ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರ ಹೊತ್ತಿಗೆ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಮನೆಗಳ ಗೋಡೆಗಳಿಗೆ ಡಿಡಿಟಿ ಹೊಡೆಯಲಾಯಿತು. ದೇಶದಲ್ಲಿ ಇಂಥ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಕೊನೆಗೆ ಎಲೆಯೊಂದು ಗೆದ್ದದ್ದು ಚೀನಾದಲ್ಲಿ. ಆರ್ಟಿಮೀಸಿಯ ಜಾತಿಯ ಒಂದು ಗಿಡದ ಎಲೆಯನ್ನು ಪರೀಕ್ಷಿಸುತ್ತಿದ್ದ ತು ಯೂಯೂ ಅವರಿಗೆ ಮೊದಮೊದಲು ಫಲ ಸರಿಯಾಗಿ ಸಿಗಲಿಲ್ಲ. ಕುದಿಸುವ ಶಾಖಕ್ಕೆ ಸತ್ವ ಹಾಳಾಗುತ್ತಿರಬಹುದೆಂದು ಕಡಿಮೆ ಶಾಖದಲ್ಲಿ ಈಥರ್ ಬಳಸಿ ತೆಗೆದರು. 1971ರಲ್ಲಿ ಅದು ಪ್ರಾಣಿಗಳಲ್ಲಿ ರೋಗಾಣುಗಳನ್ನು ನಿರ್ಮೂಲ ಮಾಡಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಇದೇ ಆರ್ಟಿಮೀಸಿಯ ಕುಲದ ಬೇರೊಂದು ಗಿಡವನ್ನು ಚೋಪ್ರಾ ಬಹಳ ಹಿಂದೆಯೇ ಅಭ್ಯಾಸ ಮಾಡಿದ್ದರು. ಅದು ಹೊಟ್ಟೆಯ ಜಂತುಹುಳದ ಔಷಧಕ್ಕಾಗಿ. ಅಷ್ಟು ಹತ್ತಿರ ಹೋಗಿಬಂದಿದ್ದರು.

ಚೋಪ್ರಾ 1973ರ ಜೂನ್ 13ರಂದು ತೀರಿಕೊಂಡರು. ಹತ್ತು ವರ್ಷಗಳ ನಂತರ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ಅಜ್ಜಿ ಈಗಿಲ್ಲ. ಹಿತ್ತಲಲ್ಲಿ ನೆಲಬೇವು ಪ್ರತಿ ಮಳೆಗಾಲ ತಾನೇ ಹುಟ್ಟುತ್ತದೆ. ಕಳೆದ ವರ್ಷ ಕಾಕಾಗೆ ಮತ್ತೆ ಜ್ವರ ಬಂದಾಗ ನಾನು ಊರಲ್ಲೇ ಇದ್ದೆ. ಆಶಾ ಕಾರ್ಯಕರ್ತೆಯನ್ನು ಕರೆಸಿ ರಕ್ತ ಪರೀಕ್ಷೆ ಮಾಡಿಸಿದೆವು. ಮಲೇರಿಯಾ ಅಲ್ಲವೆಂದು ಗೊತ್ತಾದ ಮೇಲೆ ಕಾಕಾ ತಾನೇ ಹಿತ್ತಲಿಗೆ ಹೋಗಿ ನಾಲ್ಕು ಎಲೆ ಕಿತ್ತುಕೊಂಡು ಬಂದು, ಕುದಿಸಲು ಕಾಕುವಿನ ಕೈಗೆ ಕೊಟ್ಟ.